ಹದಿನಾಲ್ಕನೇ ಪ್ಯಾರಾ

ನಮ್ಮೂರು ಟಿಲ್ಗರಾದಿಂದ ಪಶ್ಚಿಮಕ್ಕೆ ಹೋಗುವ ರಸ್ತೆಯಲ್ಲಿ ನನ್ನಷ್ಟು ಚೆನ್ನಾಗಿ ಗಾಡಿ ಓಡಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಮ್ಮ ಅವನ ಕೈಗೆ ಇನ್ನೂ ಕೀಲಿಕೈ ಕೊಟ್ಟಿಲ್ಲ. ಈ ನೆವ್ ಟ್ರೆಂಬಾತ್ ಬರುತ್ತಿದ್ದಾನೆ ಅಂದರೆ ಸಾಕು, ಆ ರಸ್ತೆಯ ಕಾಂಗರೂಗಳು ತಾವಾಗಿಯೇ ಬದಿಗೆ ಸರಿದು ನಿಲ್ಲುತ್ತವೆ. ಮುದಿ ಕಾಂಗರೂಗಳು ಮರಿಗಳಿಗೆ ನನ್ನನ್ನು ತೋರಿಸುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹದಿನೇಳು ವರ್ಷದಿಂದ ಸೋಮವಾರ ಮತ್ತು ಶುಕ್ರವಾರ ಆ ದಾರಿಯಲ್ಲಿ ಅಂಚೆ ವ್ಯಾನು ಓಡಿಸುವವನು ನಾನು. ದೂರದೂರ ಚದುರಿದ ದನದ ಫಾರ್ಮುಗಳಿಗೆ ಕಾಗದ, ಔಷಧಿ, ಬ್ರೆಡ್ಡು, ಪಂಪಿನ ಬಿಡಿಭಾಗ, ಒಮ್ಮೆ ಒಂದು ಜೀವಂತ ಹುಂಜ, ಇನ್ನೊಮ್ಮೆ ಮದುವಣಗಿತ್ತಿಯ ಗೌನು, ಎಲ್ಲವನ್ನೂ ಹೊತ್ತಿದ್ದೇನೆ. ಗೌನು ಹುಂಜ ಎರಡೂ ಒಂದೇ ದಿನ ಅಲ್ಲ, ಯಾರೇ ಏನೇ ಹೇಳಲಿ. ದಾರಿಯಲ್ಲಿ ಅರವತ್ತು ಟಪಾಲು ಪೆಟ್ಟಿಗೆ, ನಲವತ್ತು ಗೇಟು, ಹೋಗಿ ಬರಲು ಐನೂರು ಕಿಲೋಮೀಟರು.

ಈ ಅಂಕಿಗಳನ್ನು ನೀವು ನೆನಪಿಡುವುದು ಬೇಡ. ಮುಂದೆ ಒಬ್ಬ ಹೆಂಗಸು ಇವನ್ನೆಲ್ಲ ಪೆನ್ನು ಹಿಡಿದು ಹೊಡೆದು ಹಾಕಲಿದ್ದಾಳೆ. ಈ ಕಥೆಯಲ್ಲಿ ನಾನು ಹೇಳದೆ ಪೊಲೀಸರ ವೇಗ ಅಳೆಯುವ ಯಂತ್ರ ಹೇಳಿದ ಅಂಕಿ ಒಂದಿದೆ, ಅದನ್ನು ಮಾತ್ರ ನೆನಪಿಡಿ: ನೂರ ನಲವತ್ತಮೂರು. ನೂರರ ಮಿತಿ ಇರುವ ರಸ್ತೆಯಲ್ಲಿ ನೂರ ನಲವತ್ತಮೂರು. ಮಿತಿಗಿಂತ ನಲವತ್ತು ದಾಟಿದರೆ ನಮ್ಮಲ್ಲಿ ಆರು ತಿಂಗಳು ಲೈಸೆನ್ಸು ಅಮಾನತು. ಅದಕ್ಕಿಂತ ಮೂರು ಜಾಸ್ತಿ ಹೋಗಿದ್ದೆ.

ಅದು ಶುಕ್ರವಾರ. ಬೆಳಿಗ್ಗೆಯೇ ಡಲ್ಸಿ ಹ್ಯಾರಿಗನ್ ಫೋನು ಮಾಡಿದ್ದಳು. ನನ್ನ ದಾರಿಯ ಕಟ್ಟಕಡೆಯ ಪೆಟ್ಟಿಗೆ ಅವಳದು. ಎಪ್ಪತ್ತಮೂರು ವರ್ಷ, ಮೇಕೆ ಸಾಕುತ್ತಾಳೆ, ನಾಲಿಗೆಯೋ ಮುಳ್ಳುತಂತಿ. ಹಿಂದಿನ ವಾರವಷ್ಟೇ ಅವಳ ಎಡಗಣ್ಣಿಗೆ ಆಪರೇಷನ್ ಆಗಿತ್ತು. ಬಲಗಣ್ಣು ಮೊದಲಿನಿಂದಲೂ ಹೆಸರಿಗಷ್ಟೇ ಕಣ್ಣು.

"ನೆವ್, ಕಣ್ಣಿಗೆ ಹಾಕೋ ಡ್ರಾಪ್ಸ್ ಮುಗೀತಾ ಬಂತು ಕಣೋ. ಔಷಧಿ ಅಂಗಡೀಲಿ ಹೇಳಿದೀನಿ, ಐಸ್ ಪೆಟ್ಟಿಗೇಲಿ ಇಟ್ಕೊಂಡು ಬಾ. ನಿನ್ನ ಬಿಯರ್ ಜೊತೆ ಇಡಬೇಡ, ಆಮೇಲೆ ನಾನು ಕಣ್ಣಿಗೆ ಬಿಯರ್ ಬಿಟ್ಕೊಂಡೇನು."

"ಬಿಟ್ಕೋ ಡಲ್ಸಿ, ಒಳ್ಳೇದೇ. ಎಲ್ಲಾ ಎರಡೆರಡು ಕಾಣುತ್ತೆ. ನಾನೂರು ಮೇಕೆ ಎಂಟುನೂರಾಗುತ್ತೆ."

"ನೀನೂ ಇಬ್ಬರಾಗ್ತೀಯಲ್ಲೋ, ಅದು ಬೇಡ ಅಂತ."

ಮಧ್ಯಾಹ್ನ ಮೂರಕ್ಕೆ ಡ್ರಾಪ್ಸಿನ ಸೀಸೆಯನ್ನು ಅವಳ ಕೈಗಿಟ್ಟೆ. ಇದನ್ನೂ ನೆನಪಿಡಿ. ಅವಳು ಟೀ ಕಾಸಿ ಹಣ್ಣಿನ ಕೇಕು ಕತ್ತರಿಸಿದಳು. ನಾನು ಪ್ರವಾಹದಲ್ಲಿ ವ್ಯಾನು ದಾಟಿಸಿದ ಕಥೆ ಶುರು ಮಾಡಿದೆ. ಅದನ್ನು ನ್ಯಾಯವಾಗಿ ಹೇಳಬೇಕಾದರೆ ಒಂದು ಗಂಟೆ ಬೇಕು, ಮೊಸಳೆಯ ಭಾಗ ಸೇರಿಸಿದರೆ ಒಂದೂವರೆ. ಅಂದು ಸೇರಿಸಿದೆ. ಎದ್ದು ಗಡಿಯಾರ ನೋಡಿದರೆ ನಾಲ್ಕು ನಲವತ್ತು.

ಪ್ರತಿ ಶುಕ್ರವಾರ ಸಂಜೆ ಆರಕ್ಕೆ ಸರಿಯಾಗಿ ನಮ್ಮೂರಿನ ರೈಲ್ವೆ ಪಬ್ಬಿನಲ್ಲಿ ಮಾಂಸದ ತಟ್ಟೆಯ ಲಾಟರಿ ಎತ್ತುತ್ತಾರೆ. ನಮ್ಮೂರಿಗೆ ರೈಲು ಬರುವುದು ನಿಂತು ಮೂವತ್ತು ವರ್ಷವಾಯಿತು, ಆದರೆ ಪಬ್ಬೂ ಇದೆ, ಲಾಟರಿಯೂ ಇದೆ. ಬಹುಮಾನ ಬಂದರೆ ಒಂದು ತಟ್ಟೆ ಸಾಸೇಜು, ಚಾಪ್ಸು, ಮೇಲೊಂದು ಸಣ್ಣ ರೋಸ್ಟು. ನಿಯಮ ಒಂದೇ: ನಂಬರು ಕೂಗಿದಾಗ ಚೀಟಿಯ ಒಡೆಯ ಎದುರಿಗಿರಬೇಕು. ಮೂರು ಸಲ ಕೂಗಿದರೂ ಇಲ್ಲವೆಂದರೆ ಬೇರೆ ಚೀಟಿ ಎತ್ತುತ್ತಾರೆ. ಹೆರಿಗೆ ನೋವು ಬಂದವಳು ಕೂಡ ನಂಬರು ಕೂಗುವವರೆಗೆ ಬಾಗಿಲಲ್ಲಿ ತಡೆದು ನಿಂತ ಊರು ನಮ್ಮದು. ಎರಡು ವರ್ಷದಿಂದ ನಾನು ಒಂದೇ ನಂಬರು ಕೊಳ್ಳುತ್ತಿದ್ದೆ, ಎಂಬತ್ತೆಂಟು. ಒಮ್ಮೆಯೂ ಬಂದಿರಲಿಲ್ಲ. ಆ ವಾರದ ಚೀಟಿಯೂ ಆಗಲೇ ಜೇಬಿನಲ್ಲಿತ್ತು. ಅಂದು ಬರುತ್ತದೆ ಅಂತ ನನ್ನ ಎಡಮೊಣಕಾಲು ಹೇಳುತ್ತಿತ್ತು.

ಗೇಟುಗಳಿರುವ ಮಣ್ಣುದಾರಿ ಮುಗಿಸಿ ಟಾರು ರಸ್ತೆಗೆ ಬಂದಾಗ ಐದು ಇಪ್ಪತ್ತೈದು. ಊರಿಗೆ ಇನ್ನು ಅರವತ್ತಾರು ಕಿಲೋಮೀಟರು. ಕಾಲು ಒತ್ತಿದೆ. ವ್ಯಾನು ಒಮ್ಮೆ ಕೆಮ್ಮಿ ಹಾರಿತು. ಹಾರಿತು ಅಂದರೆ ಉತ್ಪ್ರೇಕ್ಷೆಯಲ್ಲ, ದಾರಿಯಲ್ಲಿ ಎರಡು ಜಾಗದಲ್ಲಿ ಚಕ್ರ ನೆಲ ಮುಟ್ಟಿದ್ದು ನನಗೆ ನೆನಪಿಲ್ಲ. ಒಣಹಳ್ಳದ ತಿರುವಿನ ಹತ್ತಿರ ಎದುರಿನಿಂದ ಬಂದ ದನದ ಲಾರಿಯವನು ಎರಡು ಸಲ ದೀಪ ಮಿನುಗಿಸಿದ. ಮುಂದೆ ಪೊಲೀಸರಿದ್ದಾರೆ ಎಂದು ಹೇಳುವುದು ಹಾಗೆಯೇ. ನಮ್ಮಲ್ಲಿ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ನಾನು ಮಾತ್ರ, ನನ್ನ ವೇಗ ನೋಡಿ ಸಲಾಮು ಹೊಡೆದ ಅಂದುಕೊಂಡೆ. ಸ್ಟಿಯರಿಂಗಿನಿಂದ ತೋರುಬೆರಳು ಎತ್ತಿ ಗತ್ತಿನಿಂದ ಸಲಾಮು ಸ್ವೀಕರಿಸಿದೆ. ಬೆರಳು ಇಳಿಸುವ ಮೊದಲೇ ಹಿಂದೆ ನೀಲಿ ದೀಪ.

ಕಾನ್‌ಸ್ಟೇಬಲ್ ಹಾಸ್ಕಿನ್ ಊರಿಗೆ ಹೊಸಬಳು. ಕಿಟಕಿಗೆ ಬಗ್ಗಿ, "ಎಲ್ಲಿಗೆ ಇಷ್ಟೊಂದು ಅವಸರ, ನೆವ್?" ಎಂದಳು.

ನಾನು ಲೈಸೆನ್ಸು ತೆಗೆದು ಅವಳ ಕೈಗಿಟ್ಟೆ. ಅವಳು ಚೀಟಿ ಬರೆದಳು: ವೇಗ 143, ಸಮಯ 5.41, ಊರಿನ ದಿಕ್ಕಿಗೆ. ನೂರರಲ್ಲೇ ಬಂದಿದ್ದರೆ ಆರೂ ಐದಕ್ಕೆ ಪಬ್ಬಿನ ಬಾಗಿಲಲ್ಲಿರುತ್ತಿದ್ದೆ. ಐದೇ ಐದು ನಿಮಿಷ ತಡ.

ಆರೂ ಇಪ್ಪತ್ತಕ್ಕೆ ಒಳಗೆ ಹೋದರೆ ಇಡೀ ಪಬ್ಬು ಹೋ ಎಂದು ಕೂಗಿತು.

"ಎಂಬತ್ತೆಂಟು!" ಎಂದ ಟೈರಂಗಡಿಯ ಸ್ಪಡ್, ತಟ್ಟೆಯನ್ನು ಮಗುವಿನಂತೆ ತೋಳಲ್ಲಿ ಆಡಿಸುತ್ತ. "ಮೂರು ಸಲ ಕೂಗಿದ್ರು ಕಣೋ! ಗಂಟಲು ಹರಿಯೋ ಹಾಗೆ! ಆಮೇಲೆ ಎತ್ತಿದ್ದು ನಂದು. ನಿನ್ನ ರೋಸ್ಟು ನೋಡ್ಕೋ, ಕಡೇ ಸಲ ಮುಖ ನೋಡ್ಕೋ."

"ಎಲ್ಲಿ ಸತ್ತಿದ್ದೆಯೋ?" ಎಂದು ಇನ್ನೊಬ್ಬ. "ಹದಿನೇಳು ವರ್ಷದಲ್ಲಿ ಒಂದು ದಿನ ತಡ ಮಾಡಿಲ್ಲ ಅಂತೀಯ. ಇವತ್ತೇ ಬೇಕಿತ್ತಾ?"

ಎಲ್ಲರೂ ನಗುತ್ತಿದ್ದರು. ನಗುವವರ ನಡುವೆ ನಿಂತು ಸಾಸೇಜಿಗಾಗಿ ಲೈಸೆನ್ಸು ಕಳೆದುಕೊಂಡೆ ಎಂದು ಹೇಳುವ ಗಂಡಸು ಯಾರಿದ್ದಾರೆ? ನನ್ನ ಬಾಯಿ ತಾನಾಗಿ ತೆರೆಯಿತು. "ನಗ್ರಿ, ನಗ್ರಿ. ಬೆಳಿಗ್ಗೆ ಹೋಗುವಾಗ ಪೊಲೀಸ್ ಹಿಡಿದ್ರು. ಡಲ್ಸಿ ಕಣ್ಣಿನ ಡ್ರಾಪ್ಸ್ ಮುಗಿದಿತ್ತು. ಮಧ್ಯಾಹ್ನದೊಳಗೆ ಹಾಕದಿದ್ರೆ ಆ ಕಣ್ಣು ಹೋಗ್ತಿತ್ತು. ನಾನೇನು ಮಾಡಲಿ? ನೂರರಲ್ಲಿ ಹೋಗಲಾ?"

ಸ್ಪಡ್ ತಟ್ಟೆ ಕೆಳಗಿಟ್ಟ. ಯಾರೋ ನನ್ನ ಕೈಗೆ ಬಿಯರ್ ಕೊಟ್ಟರು. ಅದನ್ನು ಕುಡಿದೆ. ತಣ್ಣಗಿತ್ತು, ಚೆನ್ನಾಗಿತ್ತು.

ನಾನು ಹೇಳಿದ ಸುಳ್ಳನ್ನು ಊರು ಎತ್ತಿ ಸಾಕಿತು. ಶನಿವಾರದ ಹೊತ್ತಿಗೆ, ಊರಿನ ಬಾಯಲ್ಲಿ, ಡಾಕ್ಟರು ನನಗೆ ಖುದ್ದಾಗಿ ಫೋನು ಮಾಡಿ ಬೇಡಿಕೊಂಡಿದ್ದರು. ಸೋಮವಾರದ ಹೊತ್ತಿಗೆ ಐಸ್ ಪೆಟ್ಟಿಗೆಯಲ್ಲಿ ನಾನು ಒಯ್ದದ್ದು ಔಷಧಿಯಲ್ಲ, ಕಣ್ಣನ್ನೇ. ನಾನೇ ಬೆರಗಾದೆ, ಉತ್ಪ್ರೇಕ್ಷೆಯಲ್ಲಿ ಈ ಊರಿಗೆ ನಾನೊಬ್ಬನೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಅಮಾನತಿನ ಕಾಗದ ಬಂತು. ಆರು ತಿಂಗಳು. ಆರು ತಿಂಗಳು ವ್ಯಾನು ನಿಂತರೆ ಅಂಚೆಯ ಗುತ್ತಿಗೆ ಬೇರೆಯವನ ಪಾಲು. ನನಗೆ ಬೇರೆ ಕೆಲಸ ಬರುವುದಿಲ್ಲ, ಮಾತಾಡುವುದೊಂದನ್ನು ಬಿಟ್ಟರೆ.

ಉಳಿದ ದಾರಿ ಒಂದೇ. ಕೆಲಸಕ್ಕೆ ಮಾತ್ರ ಗಾಡಿ ಓಡಿಸಲು ಅನುಮತಿ ಕೊಡಿ ಎಂದು ಕೋರ್ಟಿಗೆ ಸಂಕಷ್ಟದ ಅರ್ಜಿ ಹಾಕಬೇಕು. ಎರಡು ವಿಷಯ ಸಾಬೀತಾಗಬೇಕು. ಲೈಸೆನ್ಸು ಹೋದರೆ ಬದುಕು ನಡೆಯುವುದಿಲ್ಲ ಎನ್ನುವುದು ಒಂದು. ಗಾಡಿ ಓಡಿಸಲು ನಾನು ಯೋಗ್ಯನೂ ನಂಬಿಕಸ್ತನೂ ಆದ ಮನುಷ್ಯ ಎನ್ನುವುದು ಇನ್ನೊಂದು. ಅರ್ಜಿ ಕೊಟ್ಟ ದಿನದಿಂದ ವಿಚಾರಣೆಯವರೆಗೆ ಓಡಿಸಬಹುದು. ಅರ್ಜಿಯ ಜೊತೆ ಅಫಿಡವಿಟ್ ಬೇಕು, ಪ್ರಮಾಣ ಮಾಡಿ ಸಹಿ ಹಾಕಿದ್ದು. ಕಷ್ಟವನ್ನು ವರ್ಣಿಸಿ ಬರೆಯಿರಿ ಎಂದು ಸರ್ಕಾರವೇ ಕೇಳಿದರೆ ನನ್ನಂಥವನಿಗೆ ಇನ್ನೇನು ಬೇಕು? ಮೂರು ಸಂಜೆ ಕೂತು ಹನ್ನೊಂದು ಪುಟ ಬರೆದೆ. ಓದಿ ನಾನೇ ಅತ್ತೆ.

ನಮ್ಮೂರಿನಲ್ಲಿ ಕಾಗದಗಳಿಗೆ ಸಾಕ್ಷಿ ಸಹಿ ಹಾಕುವ ಅಧಿಕಾರ ಇರುವುದು ಮಿಸೆಸ್ ಪೋಲ್‌ಗ್ರೀನ್‌ಗೆ. ಬುಧವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಒಂದು ಮೇಜು ಹಾಕಿಕೊಂಡು, ಪಕ್ಕದಲ್ಲಿ ಬೈಬಲ್ಲು, ರಬ್ಬರ್ ಸ್ಟಾಂಪು, ಒಂದು ಡಬ್ಬಿ ಬಿಸ್ಕತ್ತು ಇಟ್ಟುಕೊಂಡು ಕೂತಿರುತ್ತಾರೆ. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದವರೂ ಅವರೇ.

"ಓದದೇನೇ ಸಾಕ್ಷಿ ಹಾಕಿದ್ರೂ ನಡಿಯುತ್ತೆ," ಎಂದರು, ಕನ್ನಡಕ ಏರಿಸುತ್ತ. "ಆದ್ರೆ ಬರೆದಿರೋನು ನೀನು. ಐದನೇ ಪ್ಯಾರಾ. 'ನನ್ನನ್ನು ನಂಬಿಕೊಂಡು ನಲವತ್ತು ಮಂದಿ ವಿಧವೆಯರು ಬದುಕುತ್ತಿದ್ದಾರೆ.' ಹೆಸರು ಹೇಳು."

"ಡಲ್ಸಿ. ಆಮೇಲೆ ಆ ಕುದುರೆ ಸಾಕೋ ಪರ್ಲ್. ಆಮೇಲೆ ಗ್ವೆಂಡಾ."

"ಗ್ವೆಂಡಾ ಗಂಡ ಬದುಕಿದಾನೆ."

"ಊರು ಬಿಟ್ಟು ಹೋಗಿದಾನಲ್ಲ ಮಿಸೆಸ್ ಪೋಲ್‌ಗ್ರೀನ್, ಸತ್ತ ಹಾಗೇ."

"ಎರಡು." ನಲವತ್ತನ್ನು ಹೊಡೆದು ಎರಡು ಎಂದು ಬರೆಯಿಸಿದರು. ಅಫಿಡವಿಟ್‌ನಲ್ಲಿ ಏನೇ ತಿದ್ದಿದರೂ ಬರೆದವನೂ ಸಾಕ್ಷಿಯೂ ಆ ಜಾಗದಲ್ಲಿ ಹೆಸರಿನ ಮೊದಲಕ್ಷರ ಹಾಕಬೇಕು. ನಾನು ಹಾಕಿದೆ, ಅವರು ಹಾಕಿದರು. "ಏಳನೇದು. ಐನೂರು ಕಿಲೋಮೀಟರು?"

"ಇನ್ನೂರ ಹನ್ನೆರಡು."

"ಗೇಟು ನಲವತ್ತು?"

"ಒಂಬತ್ತು. ಆದ್ರೆ ಹೋಗ್ತಾ ಬರ್ತಾ ಹದಿನೆಂಟಾಗುತ್ತೆ. ಪ್ರತಿ ಗೇಟಿಗೆ ಎರಡು ಸಲ ಇಳಿದು ಹತ್ತಬೇಕು, ಅಲ್ಲಿಗೆ ಮೂವತ್ತಾರು..."

"ಒಂಬತ್ತು ಅಂತ ಬರಿ, ನೆವ್. ಒಂಬತ್ತನೇ ಪ್ಯಾರಾ. 'ಹದಿನೇಳು ವರ್ಷದಲ್ಲಿ ಒಮ್ಮೆಯೂ ತಡ ಮಾಡಿಲ್ಲ.' ಬೈಬಲ್ ಇಲ್ಲೇ ಇದೆ, ನೋಡ್ಕೊಂಡು ಹೇಳು."

ಹೀಗೆ ಎರಡು ಗಂಟೆ. ಮೊಸಳೆ ಹೋಯಿತು. ಮೇಯರ್ ಕೊಟ್ಟ ಪದಕ ಹೋಯಿತು. ಅಂಚುಗಳ ತುಂಬ ನಮ್ಮಿಬ್ಬರ ಮೊದಲಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು, ಇಪ್ಪತ್ತೇಳು ಕಡೆ. ಆಮೇಲೆ ಅವರು ಹದಿನಾಲ್ಕನೇ ಪ್ಯಾರಾಕ್ಕೆ ಬಂದರು. ಅದು ನಾಲ್ಕೇ ಸಾಲು. ಕಣ್ಣಿನ ಆಪರೇಷನ್ ಆದ ಹೆಂಗಸೊಬ್ಬಳಿಗೆ ಔಷಧಿ ತಲುಪಿಸುವ ತುರ್ತಿನಲ್ಲಿ ವೇಗದ ಮಿತಿ ಮೀರಿದೆ, ಅದಕ್ಕೆ ವಿಷಾದಿಸುತ್ತೇನೆ. ಅದರಲ್ಲಿ ಉತ್ಪ್ರೇಕ್ಷೆ ಒಂದು ಪದವೂ ಇರಲಿಲ್ಲ. ಸುಳ್ಳನ್ನು ಮಾತ್ರ ನಾನು ಅಳೆದು ತೂಗಿ ಬರೆಯುತ್ತೇನೆಂದು ಆಗ ಗೊತ್ತಾಯಿತು.

ಮಿಸೆಸ್ ಪೋಲ್‌ಗ್ರೀನ್ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಇದು ಚೆನ್ನಾಗಿದೆ. ಹೀಗೆ ಬರೆಯೋದು ನಿನಗೆ ಮೂರನೇ ಕ್ಲಾಸಿನಲ್ಲೇ ಬಂದಿದ್ರೆ!" ಎಂದರು. ಪೆನ್ನು ಮುಟ್ಟಿಸಲಿಲ್ಲ. ಇಡೀ ಅಫಿಡವಿಟ್‌ನಲ್ಲಿ ತಿದ್ದುಪಡಿಯಿಲ್ಲದ ಪ್ಯಾರಾ ಅದೊಂದೇ. ಬೈಬಲ್ಲಿನ ಮೇಲೆ ಕೈ ಇಟ್ಟೆ. ಪ್ರಮಾಣ ಮಾಡಿದೆ. ಅವರು ಬಿಸ್ಕತ್ತು ಕೊಟ್ಟರು. ಅದನ್ನೂ ತಿಂದೆ.

ಮನೆಯಲ್ಲಿ ನನ್ನ ಹೆಂಡತಿ ರೊಂಡಾ ಬಟ್ಟೆ ಒಗೆಯುವಾಗ ಅಂಗಿಯ ಜೇಬಿನಲ್ಲಿ ಎಂಬತ್ತೆಂಟರ ಚೀಟಿ ಸಿಕ್ಕಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು; ಜೇಬು ನೋಡದೆ ಬಟ್ಟೆ ನೆನೆಸುವವಳಲ್ಲ. ಪೊಲೀಸ್ ಚೀಟಿಯೂ ಅದೇ ಜೇಬಿನಲ್ಲಿತ್ತು.

"ಐದು ನಲವತ್ತೊಂದು," ಎಂದಳು. "ಬೆಳಿಗ್ಗೆ ಐದು ನಲವತ್ತೊಂದಕ್ಕೆ ನೀನು ಗೊರಕೆ ಹೊಡೀತಿದ್ದೆ."

ನಾನು ಟೀಗೆ ನೀರಿಟ್ಟೆ.

"ಊರಿನ ಕಥೆ ಡಲ್ಸಿ ಕಿವಿಗೂ ಬಿದ್ದಿದೆ, ಫೋನ್ ಮಾಡಿದ್ಲು. ಮೂರು ಸಲ ಸಾರಿ ಕೇಳಿದ್ಲು, ನೆವ್. ನನ್ನ ಹತ್ರ! 'ನನ್ನಿಂದ ನಿಮ್ಮನೆ ಅನ್ನ ಹೋಯ್ತಲ್ಲೇ' ಅಂತ ಅತ್ಲು. ಡಲ್ಸಿ ಅತ್ತಿದ್ದು ಯಾವತ್ತಾದ್ರೂ ಕೇಳಿದೀಯಾ ನೀನು?"

"ಹೇಳ್ತೀನಿ. ವಿಚಾರಣೆ ಮುಗೀಲಿ, ನಾನೇ ಹೇಳ್ತೀನಿ."

ಅವಳು ಆ ಲಾಟರಿ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ, ಕಣ್ಣೆತ್ತರಕ್ಕೆ, ಆಯಸ್ಕಾಂತ ಇಟ್ಟು ಅಂಟಿಸಿದಳು. ಆಮೇಲೆ ಹಾಲು ತೆಗೆದುಕೊಳ್ಳಲು ಹೋದಾಗಲೆಲ್ಲ ಎಂಬತ್ತೆಂಟು ನನ್ನ ಮುಖ ನೋಡುತ್ತಿತ್ತು. ಟೀಗೆ ಹಾಲು ಹಾಕುವುದನ್ನೇ ಬಿಟ್ಟೆ.

ವಿಚಾರಣೆಗೆ ಮುಂಚಿನ ಶುಕ್ರವಾರ ಡಲ್ಸಿಯ ಮನೆಗೆ ತೊಂಬತ್ತೈದರಲ್ಲಿ ಹೋದೆ. ಮುದಿ ಕಾಂಗರೂಗಳು ಗುರುತು ಹಿಡಿಯಲಿಲ್ಲ. ಡಲ್ಸಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಎಡಗಣ್ಣು ಕೆಂಡದಂತಿತ್ತು.

"ಕಣ್ಣೇನು ಹೀಗಿದೆ?"

"ಏನಿಲ್ಲ ಬಿಡು. ದಿನಕ್ಕೆ ನಾಲ್ಕು ಸಲ ಹಾಕು ಅಂದಿದಾರೆ, ಎರಡು ಸಲ ಹಾಕ್ತಿದೀನಿ. ಆ ಸೀಸೆ ಇನ್ನೂ ಬರುತ್ತೆ. ಮುಗೀತು ಅಂದ್ರೆ ನೀನು ಮತ್ತೆ ಓಡ್ಕೊಂಡು ಬರ್ತೀಯಲ್ಲ. ಇನ್ಮೇಲೆ ನನಗೋಸ್ಕರ ಅವಸರ ಮಾಡಬೇಡ ಕಣೋ. ಆರಾಮಾಗಿ ಬಾ."

ಅವಳು ಕೇಕಿನ ದೊಡ್ಡ ತುಂಡೊಂದನ್ನು ನನ್ನ ತಟ್ಟೆಗೆ ಹಾಕಿದಳು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಅಂಗಳದಲ್ಲಿ ನಾವಿಬ್ಬರೇ, ಮೇಕೆಗಳನ್ನು ಬಿಟ್ಟರೆ ಕೇಳುವವರಿಲ್ಲ. ನಾನು ಹೇಳಿದ್ದು ಇಷ್ಟು: "ನಾಲ್ಕು ಸಲ ಹಾಕ್ಕೋ ಡಲ್ಸಿ. ನಾನು ತಂದುಕೊಡ್ತೀನಿ." ಕೇಕು ಮುಗಿಸಿ ಹೊರಟೆ. ಒಂಬತ್ತು ಗೇಟುಗಳನ್ನೂ ತೆಗೆದು ಹಾಕಿ ತೆಗೆದು ಹಾಕಿ ಊರಿಗೆ ಬರುವಷ್ಟರಲ್ಲಿ ಸಾವಿರ ಸಲ ಹೇಳಿದೆ, ಗೇಟಿನ ಕಂಬಗಳಿಗೆ.

ನಮ್ಮೂರಿಗೆ ಮ್ಯಾಜಿಸ್ಟ್ರೇಟು ಬರುವುದು ತಿಂಗಳಿಗೊಂದು ಮಂಗಳವಾರ. ರೊಂಡಾ ನನ್ನ ಮದುವೆಯ ಕೋಟನ್ನು ಇಸ್ತ್ರಿ ಮಾಡಿದ್ದಳು. ಜೊತೆಗೂ ಬಂದಳು, ಆದರೆ ತೋಳು ಹಿಡಿಯಲಿಲ್ಲ. ಕೋರ್ಟಿನ ಮುಂದೆ ಒಂದು ಹಳೆಯ ಯೂಟ್ ನಿಂತಿತ್ತು. ಹಿಂದೆ ತೆರೆದ ತೊಟ್ಟಿ, ತೊಟ್ಟಿಯ ತುಂಬ ಮೇಕೆಯ ಹಿಕ್ಕೆ. ಎರಡು ಗಾಡಿ ನಿಲ್ಲುವ ಜಾಗಕ್ಕೆ ಅಡ್ಡಲಾಗಿ ನಿಂತಿತ್ತು. ಮುಂದಿನ ಎಡ ದೀಪ ಒಡೆದು, ಬಂಪರಿಗೆ ಒಂದು ಮೊಳ ಬೇಲಿಯ ಮರ ಸಿಕ್ಕಿಕೊಂಡಿತ್ತು.

"ಅಯ್ಯೋ, ಡಲ್ಸಿ ಗಾಡಿ," ಎಂದಳು ರೊಂಡಾ. "ಡಾಕ್ಟರು ಆರು ವಾರ ಸ್ಟಿಯರಿಂಗ್ ಮುಟ್ಟಬೇಡ ಅಂದಿದಾರೆ ಅವಳಿಗೆ."

ನೂರಾರು ಕಿಲೋಮೀಟರು. ಇದು ಉತ್ಪ್ರೇಕ್ಷೆಯಲ್ಲ, ನೂರಾ ಆರು. ಅಷ್ಟು ದೂರ ಒಂದು ಕೆಂಪು ಕಣ್ಣು, ಒಂದು ಹೆಸರಿಗಷ್ಟೇ ಇರುವ ಕಣ್ಣು ಇಟ್ಟುಕೊಂಡು ಅವಳು ಬಂದಿದ್ದಳು. ನನಗಾಗಿ. ಅದೇ ರಸ್ತೆಯಲ್ಲಿ ದನದ ಲಾರಿಗಳು ಬರುತ್ತವೆ. ಅದೇ ಹೊತ್ತಿಗೆ ಶಾಲೆಯ ಬಸ್ಸು ಬರುತ್ತದೆ. ಕೋರ್ಟಿನ ಮೆಟ್ಟಿಲು ನಾಲ್ಕೇ ಇದ್ದವು. ಹತ್ತುವಷ್ಟರಲ್ಲಿ ನನಗೆ ಏದುಸಿರು.

ಮ್ಯಾಜಿಸ್ಟ್ರೇಟಮ್ಮ ನನ್ನ ಅಫಿಡವಿಟ್ ತಿರುವುತ್ತಿದ್ದರು. ತಿರುವುತ್ತ ತಿರುವುತ್ತ ಬಾಯಿಯ ಒಂದು ಮೂಲೆ ನಗುವ ಹಾಗಾಯಿತು. "ಮಿಸ್ಟರ್ ಟ್ರೆಂಬಾತ್, ಇಷ್ಟೊಂದು ತಿದ್ದುಪಡಿ ಇರೋ ಅಫಿಡವಿಟ್ ನನ್ನ ಸರ್ವೀಸಿನಲ್ಲೇ ನೋಡಿಲ್ಲ."

"ನಾನು ಬಹಳ ಎಚ್ಚರಿಕೆಯ ಮನುಷ್ಯ, ಯುವರ್ ಆನರ್."

"ರಸ್ತೆ ಮೇಲೂ ಅಷ್ಟು ಎಚ್ಚರ ಇದ್ದಿದ್ರೆ ನಾವಿಬ್ಬರೂ ಇವತ್ತು ಮನೇಲಿರ್ತಿದ್ವಿ." ಹಿಂದೆ ಯಾರೋ ಕಿಸಕ್ಕೆಂದರು. "ಆದ್ರೆ ಇದ್ರಲ್ಲೊಂದು ಪ್ರಾಮಾಣಿಕತೆ ಕಾಣುತ್ತೆ. ಸಾರಿಗೆ ಇಲಾಖೆಯವರದ್ದೇನಾದ್ರೂ ತಕರಾರು?"

ಇಲಾಖೆಯ ಕಡೆಯ ವಕೀಲ ಅರ್ಧ ಎದ್ದು, ವಿಶೇಷವೇನಿಲ್ಲ ಎಂದು ಅರ್ಧ ಕೂತ. ಆ ಪೊಲೀಸ್ ಚೀಟಿಯ ಪ್ರತಿ ಅವನ ಮುಂದೆಯೇ ಬಿದ್ದಿತ್ತು, 5.41 ಎಂಬುದು ಮೇಲ್ಮುಖವಾಗಿ. ಅವನ ಕಾಫಿ ಲೋಟ ಅದರ ಮೇಲಿತ್ತು. ನಾನು ಗೆದ್ದಿದ್ದೆ. ಇನ್ನು ಎರಡು ನಿಮಿಷ ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು.

ಆಗ ಹಿಂದಿನ ಬೆಂಚಿನಿಂದ ಡಲ್ಸಿ ಎದ್ದಳು. "ನಾನೊಂದು ಮಾತು ಹೇಳಬೇಕು." ತಡವರಿಸುತ್ತ ಮುಂದೆ ಬಂದು, ಕಪ್ಪು ಕೋಟು ಹಾಕಿದ್ದ ಆ ವಕೀಲನ ಮುಂದೆ ನಿಂತು ಅವನಿಗೇ ತಲೆಬಾಗಿದಳು. "ಯುವರ್ ಆನರ್, ತಪ್ಪು ನಂದು. ನಾನೇ ಫೋನ್ ಮಾಡಿ ಬೇಗ ಬಾ ಅಂದೆ. ಈ ಮುಠ್ಠಾಳನಿಗೆ ನಿಧಾನ ಅನ್ನೋದೇ ಗೊತ್ತಿಲ್ಲ ಅಂತ ಗೊತ್ತಿದ್ದೂ ಹೇಳಿದೆ." ಚೀಲದೊಳಗೆ ಕೈ ಹಾಕಿ ತಡಕಿ ತನ್ನ ಲೈಸೆನ್ಸು ತೆಗೆದು ಅವನ ಕಾಫಿ ಲೋಟದ ಪಕ್ಕ ಇಟ್ಟಳು. "ಆರು ತಿಂಗಳು ತಗೊಳ್ಳಲೇಬೇಕು ಅಂದ್ರೆ ನಂದು ತಗೊಳ್ಳಿ. ಅವನದ್ದು ಬಿಟ್ಬಿಡಿ."

ವಕೀಲ ಮೆಲ್ಲಗೆ, "ಅಮ್ಮಾ, ಮ್ಯಾಜಿಸ್ಟ್ರೇಟ್ ಆ ಕಡೆ ಇದಾರೆ," ಎಂದ.

ಡಲ್ಸಿ ಆ ಕಡೆ ತಿರುಗಿದಳು. ಅವಳು ತಿರುಗಿ ನೋಡಿದ್ದು ಕಿಟಕಿಯನ್ನು.

ಯಾರೂ ನಗಲಿಲ್ಲ. ರೊಂಡಾ ನನ್ನತ್ತ ನೋಡಲಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಎದ್ದು ನಿಂತಿತು.

"ಯುವರ್ ಆನರ್, ಇನ್ನೊಂದು ತಿದ್ದುಪಡಿ ಇದೆ."

"ಇನ್ನೂ ಒಂದಾ?"

"ಹದಿನಾಲ್ಕನೇ ಪ್ಯಾರಾ. ಪೂರ್ತಿ ಹೊಡೆದು ಹಾಕ್ಬೇಕು."

"ಕಾರಣ?"

"ಸುಳ್ಳು. ಡ್ರಾಪ್ಸ್ ಮೂರು ಗಂಟೆಗೇ ಕೊಟ್ಟಾಗಿತ್ತು. ಹಿಡಿದಿದ್ದು ಐದು ನಲವತ್ತೊಂದಕ್ಕೆ, ವಾಪಸ್ ಬರುವಾಗ. ಖಾಲಿ ವ್ಯಾನು. ಆರಕ್ಕೆ ಪಬ್ಬಿನಲ್ಲಿ ಮಾಂಸದ ತಟ್ಟೆ ಲಾಟರಿ ಇತ್ತು. ಅದಕ್ಕೆ ಓಡಿಸಿದೆ." ಕೋಟಿನ ಗುಂಡಿ ಹಾಕಿಕೊಂಡೆ. "ಎದುರಿಗಿಲ್ದಿದ್ರೆ ಕೊಡಲ್ಲ, ಯುವರ್ ಆನರ್."

ವಕೀಲ ಕಾಫಿ ಲೋಟ ಎತ್ತಿ ಕೆಳಗಿನ ಚೀಟಿ ನೋಡಿದ. ಮ್ಯಾಜಿಸ್ಟ್ರೇಟಮ್ಮ ಪೆನ್ನು ಕೆಳಗಿಟ್ಟರು. ನಗುವ ಹಾಗಿದ್ದ ಬಾಯಿಯ ಮೂಲೆ ಕೆಳಗಿಳಿದಿತ್ತು.

"ಪ್ರಮಾಣ ಮಾಡಿ ಬರೆದಿದ್ರಿ."

"ಹೌದು."

"ನಿಮ್ಮ ಕಷ್ಟವನ್ನು ನಂಬ್ತೀನಿ. ನಿಮ್ಮ ಸಾಕ್ಷಿ ತಿದ್ದಿದ ಪ್ರತಿ ಅಕ್ಷರವನ್ನೂ ನಂಬ್ತೀನಿ. ಆದ್ರೆ ಯೋಗ್ಯ, ನಂಬಿಕಸ್ತ ಅನ್ನೋ ಕಡೆ ನಾನು ಇವತ್ತು ನಿಮ್ಮ ಹೆಸರು ಬರೆಯೋಕಾಗಲ್ಲ. ಅರ್ಜಿ ತಿರಸ್ಕರಿಸಿದೀನಿ. ಅಮಾನತು ಈ ಕ್ಷಣದಿಂದ. ಸುಳ್ಳು ಪ್ರಮಾಣದ ವಿಷಯಾನ ಮುಂದಕ್ಕೆ ಕಳಿಸ್ತಿಲ್ಲ, ಯಾರೂ ಕೇಳದೆ ನೀವೇ ಎದ್ದಿದ್ದಕ್ಕೆ." ಆಮೇಲೆ ಧ್ವನಿ ತಗ್ಗಿಸಿ, "ಮಿಸೆಸ್ ಹ್ಯಾರಿಗನ್, ನಿಮ್ಮ ಲೈಸೆನ್ಸ್ ವಾಪಸ್ ತಗೊಳ್ಳಿ. ಆದ್ರೆ ಡಾಕ್ಟರು ಹೇಳೋವರೆಗೆ ಕೀಲಿಕೈ ಮುಟ್ಟಬೇಡಿ. ಇದು ಕೋರಿಕೆ ಅಲ್ಲ, ಆಜ್ಞೆ."

ಹದಿನಾಲ್ಕನೇ ಪ್ಯಾರಾವನ್ನು ನಾನೇ ಹೊಡೆದು ಹಾಕಿ ಮೊದಲಕ್ಷರ ಬರೆದೆ. ಇಪ್ಪತ್ತೆಂಟನೆಯದು.

ಹೊರಗೆ ಯೂಟಿನ ಎದುರಿನ ಬೆಂಚಿನ ಮೇಲೆ ಡಲ್ಸಿ ಕೂತಳು. ನಾನು ಇನ್ನೊಂದು ತುದಿಯಲ್ಲಿ ಕೂತೆ. ಯೂಟಿನ ಕೀಲಿಕೈ ನಮ್ಮಿಬ್ಬರ ನಡುವೆ ಇತ್ತು. ಮುಟ್ಟುವ ಹಕ್ಕು ಇಬ್ಬರಿಗೂ ಇರಲಿಲ್ಲ. ಅವಳು ಕೇಳಿದಳು.

"ಏನಿತ್ತೋ ತಟ್ಟೇಲಿ?"

"ಸಾಸೇಜು. ಚಾಪ್ಸು. ಒಂದು ಸಣ್ಣ ರೋಸ್ಟು."

"ಯಾವುದರದು?"

"ಹಂದಿ."

"ನಾನೂರು ಮೇಕೆ ಇದಾವೆ ಕಣೋ ನನ್ನ ಹತ್ರ. ಬಾಯಿ ಬಿಟ್ಟು ಕೇಳಿದ್ರೆ ಒಂದನ್ನ ಕಡಿದು ವ್ಯಾನಿಗೆ ಹಾಕ್ತಿದ್ದೆ. ಊರಿಗೆಲ್ಲಾ ಬಾಯಿ ಬಿಡ್ತೀಯ." ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಿಲ್ಲ, ನೆವ್. ರೊಂಡಾ ಮುಖ ಹೆಂಗೆ ನೋಡಲಿ ಅಂತ."

ನಾನು ಸಾರಿ ಅಂದೆ. ಆ ಪದ ಎಷ್ಟು ಸಣ್ಣದೆಂದರೆ, ಅದನ್ನು ದೊಡ್ಡದು ಮಾಡುವ ಉಪಾಯ ನನಗೂ ತೋಚಲಿಲ್ಲ.

ರೊಂಡಾ ಬಂದು ಬೆಂಚಿನಿಂದ ಕೀಲಿಕೈ ಎತ್ತಿಕೊಂಡಳು. "ಲಾಂಡ್ರಿಗೆ ಫೋನ್ ಮಾಡಿದೀನಿ. ಸೋಮವಾರ, ಶುಕ್ರವಾರ ಅಂಚೆ ವ್ಯಾನು ಓಡಿಸೋದಿದೆ, ಬರಲ್ಲ ಅಂದೆ. ಎರಡು ದಿನ ಬಿಡೋದಾದ್ರೆ ಪೂರ್ತಿ ಬಿಡು ಅಂದ್ರು, ಬಿಟ್ಟೆ." ಹದಿಮೂರು ವರ್ಷ ಮಾಡಿದ ಕೆಲಸ ಅದು. ಹವಾಮಾನ ಹೇಳುವ ಹಾಗೆ ಹೇಳಿದಳು. "ಹತ್ತಿ ಇಬ್ಬರೂ. ಡಲ್ಸಿ ಮಧ್ಯೆ ಕೂತ್ಕೊ. ನೆವ್ ಕಿಟಕಿ ಕಡೆ."

ಕಿಟಕಿಯ ಕಡೆ ಕೂತವನೇ ಇಳಿದು ಗೇಟು ತೆಗೆಯಬೇಕು. ನಮ್ಮ ಸೀಮೆಯಲ್ಲಿ ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ರೊಂಡಾ ಎಂಬತ್ತೆಂಟು ದಾಟಲಿಲ್ಲ. ಬೇಕಂತಲೇ ಇರಬೇಕು, ಮುಳ್ಳು ಅಲ್ಲಿಂದ ಕದಲಲೇ ಇಲ್ಲ. ಮೊದಲ ಗೇಟಿನಲ್ಲಿ ಇಳಿದೆ, ತೆಗೆದೆ, ಗಾಡಿ ದಾಟಿತು, ಹಾಕಿದೆ, ಓಡಿ ಹತ್ತಿದೆ. ಎರಡನೆಯದು. ಮೂರನೆಯದು. ಆರನೆಯದರ ಹೊತ್ತಿಗೆ ಮದುವೆಯ ಕೋಟಿನ ತುಂಬ ಕೆಂಪು ಧೂಳು. ಒಂಬತ್ತನೆಯ ಗೇಟು ತೆಗೆಯುವಂತಿರಲಿಲ್ಲ. ಬೆಳಿಗ್ಗೆ ಡಲ್ಸಿ ಅದರ ಕಂಬಕ್ಕೇ ಗುದ್ದಿಕೊಂಡು ಬಂದಿದ್ದಳು. ಕಂಬ ನಡುವಿಗೆ ಮುರಿದು, ಗೇಟು ನೆಲದ ಮೇಲೆ ಅಂಗಾತ ಬಿದ್ದಿತ್ತು. ಮೇಕೆಗಳು ಅದನ್ನು ದಾಟಿ ರಸ್ತೆಯುದ್ದಕ್ಕೂ ಹರಡಿದ್ದವು.

ನಾನೂರು ಮೇಕೆ ಅಂತ ಡಲ್ಸಿ ಹೇಳುತ್ತಾಳೆ. ಅವನ್ನೆಲ್ಲ ಒಳಗೆ ಅಟ್ಟುವಾಗ ಒಂದೊಂದಾಗಿ ಎಣಿಸಿದೆ. ಮುನ್ನೂರ ಹನ್ನೊಂದು. ಅವಳಿಗೆ ಹೇಳಲಿಲ್ಲ. ಮುರಿದ ಕಂಬಕ್ಕೆ ಬದಿಯಿಂದ ಇನ್ನೊಂದು ಮರ ನಿಲ್ಲಿಸಿ ತಂತಿಯಿಂದ ಬಿಗಿದೆ, ಗೇಟನ್ನು ಎತ್ತಿ ಕಟ್ಟಿದೆ. ಅಂಗೈ ಕೊಯ್ದುಹೋಯಿತು. ರೊಂಡಾ ಯೂಟಿನ ಬಾನೆಟ್ಟಿಗೆ ಒರಗಿ ನೋಡುತ್ತಿದ್ದಳು. ಬಂದು ಮರದ ತುದಿ ಹಿಡಿದುಕೊಳ್ಳಲಿಲ್ಲ.

ಕೈ ತೊಳೆದು ಮೆಟ್ಟಿಲ ಹತ್ತಿರ ಬಂದಾಗ ಡಲ್ಸಿ ಡ್ರಾಪ್ಸಿನ ಸೀಸೆ ಹಿಡಿದು ಕೂತಿದ್ದಳು.

"ಮಧ್ಯಾಹ್ನದ್ದು ಹಾಕ್ಕೊಂಡಿಲ್ಲ," ಎಂದಳು. "ಬಾ, ನೀನೇ ಹಾಕು."

ಅವಳು ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಆ ಕೆಂಪು ಕಣ್ಣು ತೆರೆದು ನೇರವಾಗಿ ನನ್ನನ್ನು ನೋಡುತ್ತಿತ್ತು. ಏನು ಕಾಣುತ್ತಿತ್ತೋ, ಕಾಣುತ್ತಿರಲಿಲ್ಲವೋ. ಮೊದಲ ಹನಿ ಅವಳ ಕೆನ್ನೆಗೆ ಬಿತ್ತು. ಎರಡನೆಯದು ಮೂಗಿಗೆ.

"ನಿಧಾನ ಕಣೋ," ಎಂದಳು ಡಲ್ಸಿ. "ಯಾರೂ ನಂಬರು ಕೂಗ್ತಿಲ್ಲ ಇಲ್ಲಿ."

ಮೂರನೆಯದು ಕಣ್ಣಿಗೆ ಬಿತ್ತು.